ಲೋಕೇಶಣ್ಣ ನಂದಿಸಿದ ದೀಪಗಳು

ಒಂದು ನಿಮಿಷ ತಡೆಯಿರಿ, ಓದದೆ ಎದ್ದು ಹೋಗಬೇಡಿ. ಕಾರಿನ ಏರ್‌ಬ್ಯಾಗ್ ದೀಪದ ವಿಷಯ ಇದೆ, ಬರುತ್ತದೆ. ಅದಕ್ಕೆ ಮುಂಚೆ ಬಾಯಲ್ಲಿ ಬಲ್ಬು ಉರಿಯುತ್ತಿರುವ ಒಬ್ಬ ಮನುಷ್ಯನನ್ನು ನಿಮಗೆ ತೋರಿಸಬೇಕು.

ನಿಜವಾಗಿಯೂ ಉರಿಯುತ್ತಿತ್ತು. ಆಟೋ ಎಲೆಕ್ಟ್ರಿಷಿಯನ್‌ಗಳ ಹತ್ತಿರ ಟೆಸ್ಟ್ ಲ್ಯಾಂಪ್ ಅಂತ ಇರುತ್ತದೆ. ಒಂದು ಪುಟ್ಟ ಬಲ್ಬು, ಅದಕ್ಕೆ ಎರಡು ವೈರು. ಕರೆಂಟು ಬರುತ್ತಿದ್ದರೆ ಹತ್ತುತ್ತದೆ, ಇಲ್ಲದಿದ್ದರೆ ಇಲ್ಲ. ಬೇರೆಯವರು ಅದನ್ನು ಕೈಯಲ್ಲಿ ಹಿಡಿಯುತ್ತಾರೆ. ಲೋಕೇಶಣ್ಣ ಅದರ ಹೋಲ್ಡರನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಸೀಟಿನ ಮೇಲೆ ಉಲ್ಟಾ ಮಲಗಿ, ತಲೆಯನ್ನು ಡ್ಯಾಶ್‌ಬೋರ್ಡಿನ ಅಡಿಗೆ ತೂರಿಸುತ್ತಿದ್ದ. ಕರೆಂಟು ಸಿಕ್ಕಿದ ಕೂಡಲೇ ಆ ಕತ್ತಲಲ್ಲಿ ಅವನ ಮೀಸೆ, ಹಲ್ಲು, ಮೂಗಿನ ತುದಿ ಇಷ್ಟೇ ಹಳದಿಯಾಗಿ ಹೊಳೆಯುತ್ತಿದ್ದವು. ಆ ಹೊಳೆಯುವ ಬಾಯಿಂದಲೇ ಅವನು ಬೈಯುತ್ತಿದ್ದ. ಗಾಡಿಯನ್ನಲ್ಲ, ಗಾಡಿಯ ಯಜಮಾನನನ್ನು.

ಊರಿನವರೆಲ್ಲ ಅವನನ್ನು 'ಅವರು' ಅನ್ನುತ್ತಿದ್ದರು. ಎದುರಿಗೆ ನಾನೂ ಹಾಗೇ ಕರೆಯುತ್ತಿದ್ದೆ. ಇಲ್ಲಿ ಮಾತ್ರ 'ಅವನು' ಅಂತಲೇ ಬರೆಯುತ್ತೇನೆ. ಯಾಕೆ ಅನ್ನುವುದು ನಿಮಗೇ ಗೊತ್ತಾಗುತ್ತದೆ.

ಎರಡು ಸಾವಿರದ ಆರೇಳನೇ ಇಸವಿಯ ಸುಮಾರು. ಶಿವಮೊಗ್ಗದಲ್ಲಿ ಆಲ್ಕೊಳ ಸರ್ಕಲ್ ದಾಟಿದ ಮೇಲೆ, ಪಂಕ್ಚರ್ ಅಂಗಡಿಗೂ ಟೀ ಹೋಟೆಲಿಗೂ ನಡುವೆ ಅವನ ಶೆಡ್ಡು. ಮನೆ ಭದ್ರಾವತಿಯಲ್ಲಿ. ಅಪ್ಪ ಅಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕುಲುಮೆಯ ಕೆಲಸಕ್ಕಿದ್ದವರು. ಕಾರ್ಖಾನೆ ಲೈನಿನ ಮನೆಗಳಲ್ಲಿ ಬೆಳೆದದ್ದರಿಂದ ತಮಿಳು, ತೆಲುಗು ಎರಡೂ ನಾಲಿಗೆಯ ಮೇಲಿದ್ದವು. ಗಿರಾಕಿ ಎದುರಿಗಿದ್ದರೆ ಕನ್ನಡದಲ್ಲಿ ಬೈಗುಳ ಶುರುವಾಗಿ, ಕೋಪ ಏರಿದಂತೆ ಭಾಷೆ ಬದಲಾಗುತ್ತಾ ಹೋಗುತ್ತಿತ್ತು. ತೆಲುಗಿಗೆ ಬಂದರೆ ಆ ಗಾಡಿ ಅವತ್ತು ರಿಪೇರಿ ಆಗುವುದಿಲ್ಲ ಅಂತಲೇ ಅರ್ಥ.

ದಿನಾ ಬೆಳಿಗ್ಗೆ ಸ್ಕೂಟರಿನಲ್ಲಿ ಬರುತ್ತಿದ್ದ. ಇಳಿದು ಸ್ಟ್ಯಾಂಡ್ ಹಾಕಿ, ಅಲ್ಲಿ ಕಾಯುತ್ತಿರುವ ಯಾರನ್ನೂ ನೋಡದೆ, ಟೀ ಹೋಟೆಲಿನ ಬೆಂಚಿನಲ್ಲಿ ಬೆನ್ನು ಮಾಡಿ ಕೂರುತ್ತಿದ್ದ. ಟೀ ಮುಗಿಯುವ ತನಕ ಡಾಕ್ಟರಾಗಲಿ ಇನ್‌ಸ್ಪೆಕ್ಟರಾಗಲಿ ನಿಂತೇ ಇರಬೇಕು. ಮುಗಿದ ಮೇಲೆ ಮೊದಲ ಪ್ರಶ್ನೆ ಯಾವತ್ತೂ ಒಂದೇ.

"ನನ್ ಹತ್ರ ಬರೋಕ್ಕೆ ಮುಂಚೆ ಯಾರ್ ಕೈ ಹಾಕಿದ್ರು ಇದಕ್ಕೆ?"

"ಯಾರೂ ಇಲ್ಲ."

"ಸುಳ್ಳು. ಮುಂದೆ ಹೇಳಿ."

ಒಬ್ಬ ವಕೀಲರು ಒಮ್ಮೆ ರೇಗಿದ್ದರು. "ನಿನ್ನೆ ತನಕ ಸರಿಯಾಗೇ ಇತ್ತು ಕಣ್ರೀ" ಅಂದರು. ಅವನು ಗ್ಲಾಸು ಕೆಳಗಿಟ್ಟು, "ನಿನ್ನೆ ತನಕ ನಾನೂ ಸರಿಯಾಗೇ ಇದ್ದೆ ಸಾರ್. ಇವತ್ತು ನೀವು ಬಂದ್ರಿ" ಅಂದ. ವಕೀಲರು ಹೋಗಲಿಲ್ಲ. ಹೋಗುವುದಾದರೂ ಎಲ್ಲಿಗೆ? ಕಾರಿನೊಳಗೆ ಕಂಪ್ಯೂಟರ್ ಬಂದಿದ್ದ ಕಾಲ. ಊರಿನ ಉಳಿದ ಮೆಕ್ಯಾನಿಕ್‌ಗಳು ಬಾನೆಟ್ ತೆಗೆದು ನೋಡಿ ಮತ್ತೆ ಮುಚ್ಚುತ್ತಿದ್ದರು. ಇವನು ಒಂದು ಶೋರೂಮಿನಲ್ಲಿ ಕೆಲಸ ಮಾಡಿ, ಅವರ ಖರ್ಚಿನಲ್ಲೇ ಬೆಂಗಳೂರಿಗೆ ಹೋಗಿ ಟ್ರೈನಿಂಗ್ ಮುಗಿಸಿ ಬಂದು, ಆಮೇಲೆ ಮ್ಯಾನೇಜರ್ ಜೊತೆ ಜಗಳವಾಡಿ ಹೊರಗೆ ಬಂದವನು. ಹಾಗಾಗಿ ಅವನ ಬೈಗುಳವನ್ನೂ ಊರು ರಿಪೇರಿಯ ಭಾಗ ಅಂತಲೇ ನುಂಗುತ್ತಿತ್ತು.

ನಾನು ಯಾರು ಅಂದರೆ, ಯಾರೂ ಅಲ್ಲ. ರವೀಂದ್ರನಗರದ ಹುಡುಗ, ಡಿಗ್ರಿ ಅರ್ಧಕ್ಕೆ ನಿಂತಿತ್ತು. ದುರ್ಗಿಗುಡಿಯ ಒಂದು ಸೈಬರ್ ಸೆಂಟರಿನಲ್ಲಿ ಕೂತು ಗಾಡಿಗಳ ವೈರಿಂಗ್ ನಕ್ಷೆ ಹುಡುಕುವುದು, ಪ್ರಿಂಟ್ ತೆಗೆದು ಮನೆಗೆ ತರುವುದು, ಬೀದಿಯವರ ಕಾರಿಗೆ ಸ್ಪೀಕರು, ಫಾಗ್ ಲ್ಯಾಂಪು ಹಾಕಿಕೊಡುವುದು. ಇದೇ ಹುಚ್ಚು. ಕಲಿಸುವವರು ಯಾರೂ ಇರಲಿಲ್ಲ. ಅದಕ್ಕೇ ಲೋಕೇಶಣ್ಣನ ಶೆಡ್ಡಿಗೆ ಹೋಗಿ ನಿಲ್ಲುತ್ತಿದ್ದೆ. ಅವನು ನನ್ನನ್ನು ಕೆಲಸಕ್ಕೆ ಇಟ್ಟುಕೊಳ್ಳಲಿಲ್ಲ, ಓಡಿಸಲೂ ಇಲ್ಲ. ಮನಸ್ಸು ಚೆನ್ನಾಗಿದ್ದರೆ 'ತಂಬಿ' ಅನ್ನುತ್ತಿದ್ದ. ಇಲ್ಲದಿದ್ದರೆ 'ಪ್ರೊಫೆಸರ್'. ನಾನು ಹೆಚ್ಚಾಗಿ ಪ್ರೊಫೆಸರ್ ಆಗಿಯೇ ಇದ್ದೆ.

ಏರ್‌ಬ್ಯಾಗ್ ಇರುವ ಗಾಡಿಯನ್ನು ನಾನು ಮೊದಲ ಸಲ ಹತ್ತಿರದಿಂದ ನೋಡಿದ್ದು ಅಲ್ಲೇ. ಆಯುಧಪೂಜೆ ಮುಗಿದ ಮಾರನೇ ವಾರ. ಅಡಿಕೆ ಮಂಡಿಯ ಒಬ್ಬರು ಯಜಮಾನರು ದೊಡ್ಡ ಕಾರು ತಂದರು. ಬಂಪರಿನಲ್ಲಿ ಒಣಗಿದ ಚೆಂಡುಹೂವಿನ ಮಾಲೆ, ಗಾಜಿನ ಮೇಲೆ ಇನ್ನೂ ಅಳಿಸದ ಅರಿಶಿನ ಕುಂಕುಮ. ಡ್ಯಾಶ್‌ಬೋರ್ಡಿನ ಎಡಭಾಗದಲ್ಲಿ ಅಂಗೈಯಷ್ಟು ದೊಡ್ಡ ಕಲ್ಲಿನ ಗಣಪತಿ.

"ಮೀಟರ್ ಬೋರ್ಡಲ್ಲಿ ಒಬ್ಬ ಕೆಂಪು ಮನುಷ್ಯ ಕೂತಿದಾನೆ ಮಾರಾಯ. ಅವನ ಎದುರಿಗೆ ಒಂದು ಬಲೂನು. ಹೋಗ್ತಾನೇ ಇಲ್ಲ."

"ಅದು ಏರ್‌ಬ್ಯಾಗ್ ದೀಪ. ಕೀ ಹಾಕಿದಾಗ ಹತ್ತಿ, ಆಮೇಲೆ ಆರಬೇಕು. ಆರಲಿಲ್ಲ ಅಂದ್ರೆ ಎಲ್ಲೋ ವೈರಲ್ಲಿ ತೊಂದರೆ. ಡಿಕ್ಕಿ ಆದ್ರೆ ಬ್ಯಾಗ್ ಬಿಚ್ಕೊಳಲ್ಲ." ಅವನು ಬಾಗಿಲು ತೆಗೆದ. "ಪೂಜೆಗೆ ಒಳಗಡೆ ಪೈಪ್ ಬಿಟ್ರಾ?"

"ಛೆ ಛೆ. ಒದ್ದೆ ಬಟ್ಟೇಲಿ ಒರೆಸಿದ್ದಷ್ಟೆ."

ಲೋಕೇಶಣ್ಣ ಎಡಗಡೆಯ ಕಾರ್ಪೆಟ್ಟಿನ ಮೇಲೆ ಕಾಲಿಟ್ಟು ಒತ್ತಿದ. ಚಪ್ಪಲಿಯ ಸುತ್ತ ನೀರು ಬುಳುಬುಳು ಎದ್ದಿತು.

"ಇದೇನು, ಬಟ್ಟೆ ಬೆವರಿತ್ತಾ?"

ಅವನು ಗಣಪತಿಯ ಕಡೆ ಕೈ ತೋರಿಸಿದ. "ಇವನನ್ನ ಯಾಕೆ ಇಲ್ಲಿ ಕೂರಿಸಿದ್ರಿ? ಇದರ ಕೆಳಗೇ ಎಡಗಡೆ ಸೀಟಿನ ಬ್ಯಾಗ್ ಇರೋದು. ಅದು ಬಿಚ್ಕೊಂಡ್ರೆ ಗಣಪತಿ ಎಲ್ಲಿಗೆ ಬರ್ತಾನೆ ಗೊತ್ತಾ? ನೇರ ನಿಮ್ ಮನೆಯವರ ಮೂಗಿಗೆ."

ನನಗೆ ಅಷ್ಟು ಹೊತ್ತಿಗೆ ತಡೆಯಲಾಗಲಿಲ್ಲ. ಗ್ಲೋವ್ ಬಾಕ್ಸ್ ಬಿಚ್ಚಿದರೆ ಅದರ ಹಿಂದೆ ಬ್ಯಾಗಿನ ಹಳದಿ ಕನೆಕ್ಟರ್ ಇರುತ್ತದೆ ಅಂತ ಓದಿದ್ದೆ. ಹೊಸದಾಗಿ ಕೊಂಡಿದ್ದ ಮಲ್ಟಿಮೀಟರ್ ಕೈಯಲ್ಲೇ ಇತ್ತು. ಬಗ್ಗಿ, ಗ್ಲೋವ್ ಬಾಕ್ಸ್ ಕಳಚಿ, ಮೀಟರಿನ ಎರಡು ಮೊನೆಗಳನ್ನೂ ಬ್ಯಾಗಿನ ಕಡೆಯ ಪಿನ್ನುಗಳಿಗೆ ತಾಗಿಸಲು ಹೋದೆ. ಮಣಿಕಟ್ಟಿಗೆ ಬಿದ್ದ ಏಟಿಗೆ ಮೀಟರು ಹಾರಿ ರಸ್ತೆಗೆ ಬಿತ್ತು.

"ಪ್ರೊಫೆಸರ್! ಮೀಟರ್ ಒಳಗಡೆ ಏನಿದೆ?"

"ಬ್ಯಾಟ್ರಿ."

"ಆ ಬ್ಯಾಟ್ರಿ ಕರೆಂಟು ಬ್ಯಾಗ್ ಉಬ್ಬಿಸೋ ಮದ್ದಿಗೆ ಹೋದ್ರೆ ಢಂ ಅನ್ನಬಹುದು. ಆಮೇಲೆ ನಿಮ್ಮಮ್ಮಂಗೆ ನಿನ್ ಮುಖ ಗುರುತು ಸಿಗಲ್ಲ. ನಾನು ಇದಕ್ಕೆ ಟೆಸ್ಟ್ ಲ್ಯಾಂಪೂ ತಾಗಿಸಲ್ಲ, ನೀನು ಮೀಟರ್ ತಗೊಂಡ್ ಬಂದಿದೀಯ. ದೂರ ನಿಲ್ಲು."

ದೂರ ನಿಂತೆ. ಅವಮಾನಕ್ಕೆ ಕಿವಿ ಬಿಸಿಯಾಗಿತ್ತು. ಆದರೆ ಆಮೇಲೆ ಅವನು ಮಾಡಿದ್ದನ್ನು ಕಣ್ಣು ಮಿಟುಕಿಸದೆ ನೋಡಿದೆ. ಅವತ್ತು ಕಲಿತದ್ದನ್ನೇ ಇವತ್ತಿಗೂ ಮಾಡುತ್ತಿದ್ದೇನೆ. ಇದನ್ನು ಒಪ್ಪಿಕೊಳ್ಳಲು ನನಗೆ ಸಂತೋಷವೇನೂ ಇಲ್ಲ.

ಮೊದಲು ಬ್ಯಾಟರಿಯ ವೈರು ಬಿಚ್ಚಿದ. ಬಿಚ್ಚಿ, ಹೋಗಿ ಇನ್ನೊಂದು ಟೀ ಕುಡಿದ. ಅದು ಸೋಮಾರಿತನವಲ್ಲ. ಡಿಕ್ಕಿ ಆಗಿ ಬ್ಯಾಟರಿ ಒಡೆದರೂ ಬ್ಯಾಗು ಬಿಚ್ಚಿಕೊಳ್ಳಲಿ ಅಂತ ಅದರ ಕಂಪ್ಯೂಟರಿನ ಹೊಟ್ಟೆಯಲ್ಲಿ ಸ್ವಲ್ಪ ಕರೆಂಟು ಉಳಿಸಿಕೊಂಡಿರುತ್ತದೆ. ಅದು ಇಳಿಯುವ ತನಕ ಕಾಯಬೇಕು. ಬಂದವನು ಬ್ಯಾಗಿನ ಹಳದಿ ಪ್ಲಗ್ ಕಳಚಿ, ಜೇಬಿನಿಂದ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ರೆಸಿಸ್ಟರ್ ತೆಗೆದು, ಅದರ ಎರಡು ಕಾಲುಗಳನ್ನು ಪ್ಲಗ್ಗಿನೊಳಗೆ ಸಿಕ್ಕಿಸಿದ.

"ಬಾ ತಂಬಿ, ನೋಡು. ಇದು ಡಮ್ಮಿ. ಬ್ಯಾಗಿನಲ್ಲಿ ಕರೆಂಟಿಗೆ ಎಷ್ಟು ಓಮ್ ತಡೆ ಇರುತ್ತೋ ಇದರಲ್ಲೂ ಅಷ್ಟೇ. ಕಂಪ್ಯೂಟರ್ ಇದನ್ನೇ ಬ್ಯಾಗ್ ಅಂದ್ಕೊಳುತ್ತೆ. ಈಗ ದೀಪ ಆರಿದ್ರೆ, ತೊಂದರೆ ಬ್ಯಾಗಿನಲ್ಲಿ. ಆರಲಿಲ್ಲ ಅಂದ್ರೆ, ತೊಂದರೆ ವೈರಿನಲ್ಲಿ."

ಬ್ಯಾಟರಿ ಕೂಡಿಸಿ, ಎಲ್ಲರನ್ನೂ ಕೆಳಗಿಳಿಸಿ, ಬಾಗಿಲಾಚೆ ನಿಂತು ಕೀ ತಿರುಗಿಸಿದ. ಕೆಂಪು ಮನುಷ್ಯ ಕೂತೇ ಇದ್ದ. ಹಾಗಾದರೆ ವೈರು. ಆ ವೈರನ್ನು ಹಿಡಿದು ಕಾರ್ಪೆಟ್ ಎತ್ತುತ್ತಾ ಹೋದ. ಗೇರಿನ ಬುಡದ ಹತ್ತಿರ, ಪೂಜೆಯ ನೀರು ನಿಂತಿದ್ದ ಜಾಗದಲ್ಲಿ, ಇನ್ನೊಂದು ಹಳದಿ ಕನೆಕ್ಟರ್ ಸಿಕ್ಕಿತು. ಪಿನ್ನುಗಳೆಲ್ಲ ಹುಣಿಸೆಹಣ್ಣು ತಾಗದ ತಾಮ್ರದ ಚೊಂಬಿನ ಹಾಗೆ ಹಸಿರುಗಟ್ಟಿದ್ದವು. ಬ್ಯಾಟರಿ ಮತ್ತೆ ಬಿಚ್ಚಿ, ಮತ್ತೆ ಕಾದು, ಉಜ್ಜಿ, ಒಣಗಿಸಿ, ಕೂಡಿಸಿದ. ದೀಪ ಆರಿತು. ಇನ್ನೊಮ್ಮೆ ಬ್ಯಾಟರಿ ಬಿಚ್ಚಿ ಡಮ್ಮಿಯನ್ನು ಕಿತ್ತು, ಅಸಲಿ ಬ್ಯಾಗಿಗೆ ಪ್ಲಗ್ ಸಿಕ್ಕಿಸಿದ ಮೇಲೂ ಆರಿತು.

ಕಿತ್ತ ಡಮ್ಮಿಯನ್ನು ನನ್ನ ಮೂಗಿನ ಮುಂದೆ ಹಿಡಿದ. "ಕೆಲಸ ಮುಗಿದ್ಮೇಲೆ ಇದು ಎಲ್ಲಿರಬೇಕು?"

"ಜೇಬಲ್ಲಿ."

"ಗಾಡೀಲಿ ಬಿಟ್ರೆ?"

"ದೀಪ ಆರಿರುತ್ತೆ, ಬ್ಯಾಗ್ ಇರಲ್ಲ."

"ಅದನ್ನ ನಿನ್ ಪ್ರಿಂಟ್‌ಔಟಲ್ಲಿ ಬರ್ಕೋ" ಅಂದು ಹೊರಟ.

ಈ ಮಾತನ್ನು ನೀವು ನೆನಪಿಟ್ಟುಕೊಳ್ಳಬೇಕು ಅಂತಲೇ ಇಷ್ಟು ಉದ್ದಕ್ಕೆ ಬರೆದೆ. ಅವನಿಗೆ ಗೊತ್ತಿತ್ತು. ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ್ದರೆ ನಾನು ಈ ಬರಹವನ್ನು ಬರೆಯುತ್ತಲೇ ಇರಲಿಲ್ಲ.

ನಮ್ಮ ಎದುರು ಮನೆಯಲ್ಲಿ ಪ್ರಭಾಕರಣ್ಣ, ವಿಜಯಕ್ಕ ಇದ್ದರು. ಗಂಡ ಭದ್ರಾವತಿಯಲ್ಲಿ ಒಂದು ಕಾರ್ಖಾನೆಯ ಆಫೀಸಿನಲ್ಲಿ, ಹೆಂಡತಿ ಅಲ್ಲೇ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರು. ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಕಾರು ತಂದ ಮೇಲೆ ಇಬ್ಬರೂ ಬಸ್ಸು ಬಿಟ್ಟು ಅದರಲ್ಲೇ ಹೋಗಿ ಬರುತ್ತಿದ್ದರು. "ಮುಂದೆ ಎರಡೂ ಸೀಟಿಗೆ ಏರ್‌ಬ್ಯಾಗ್ ಇದೆ" ಅಂತ ಪ್ರಭಾಕರಣ್ಣ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು. ವಿಜಯಕ್ಕನಿಗೆ ಕಾರೆಂದರೆ ಮೊದಲಿಂದಲೂ ಭಯ. ಲಾರಿ ಎದುರು ಬಂದರೆ ಕಣ್ಣು ಮುಚ್ಚಿಕೊಳ್ಳುವವರು. ಬ್ಯಾಗು ಇದೆಯಲ್ಲ ಅನ್ನುವ ಒಂದೇ ಧೈರ್ಯಕ್ಕೆ ಮುಂದೆ ಕೂರಲು ಒಪ್ಪಿದ್ದರು.

ಮಾರನೇ ಬೇಸಿಗೆಗೆ ಆ ಕಾರಿಗೂ ಒಂದು ಗಣಪತಿ ಬಂತು. ಅಂಟಿಸಿದ್ದು ಬಿಸಿಲಿಗೆ ಕರಗಿ, ಹಂಪ್ ಬಂದಾಗಲೆಲ್ಲ ವಿಜಯಕ್ಕನ ಮಡಿಲಿಗೆ ಬೀಳುತ್ತಿತ್ತು. ದೇವರು ಬೀಳುವುದು ಒಳ್ಳೆಯದಲ್ಲ ಅಂತ ಪ್ರಭಾಕರಣ್ಣ ಸ್ಟಿಕ್ಕರು, ಸೀಟ್ ಕವರು ಮಾರುವ ಒಂದು ಅಂಗಡಿಗೆ ಹೋದರು. ಅಲ್ಲಿಯವನು ಅಲುಗಾಡದ ಹಾಗೆ ಪೀಠಕ್ಕೆ ಉದ್ದನೆಯ ಎರಡು ಸ್ಕ್ರೂ ಕೊರೆದು ಕೊಟ್ಟ. ಸರಿಯಾಗಿ ಬ್ಯಾಗಿನ ಮುಚ್ಚಳದ ಮೇಲೆ. ಕೆಲವೇ ದಿನಕ್ಕೆ ಕೆಂಪು ದೀಪ ಹತ್ತಿತು.

ನಾನು ನೋಡುತ್ತೇನೆ ಅಂದೆ. "ನೀನು ಪಾಪ ಸ್ಪೀಕರ್ ಹಾಕ್ಕೊಂಡಿರು" ಅಂದರು ಪ್ರಭಾಕರಣ್ಣ. ಆಲ್ಕೊಳಕ್ಕೆ ಒಯ್ದರು. ಸಾಯಂಕಾಲ ಬರುವಾಗ ದೀಪ ಆರಿತ್ತು. "ನೋಡು, ಅರ್ಧ ಗಂಟೆ ಕೆಲಸ" ಅಂತ ನನಗೆ ಕೇಳಿಸುವ ಹಾಗೆ ಹೇಳಿದರು.

ಮಳೆಗಾಲ ಮುಗಿದು ಚಳಿ ಶುರುವಾದಾಗ ಅದೇ ಪ್ರಭಾಕರಣ್ಣ ಸ್ಪೀಕರ್ ಹಾಕಿಸಲು ನನ್ನನ್ನೇ ಕರೆದರು. ವೈರು ಎಳೆಯಲು ಗ್ಲೋವ್ ಬಾಕ್ಸ್ ಬಿಚ್ಚಿ ಟಾರ್ಚ್ ಬಿಟ್ಟೆ. ಹಳದಿ ಪ್ಲಗ್ಗು ಅನಾಥವಾಗಿ ನೇತಾಡುತ್ತಿತ್ತು. ಅದರ ಬಾಯಿಗೆ ಕಪ್ಪು ಟೇಪು. ಟೇಪಿನ ಸಂದಿಯಲ್ಲಿ ರೆಸಿಸ್ಟರಿನ ಎರಡು ಬೆಳ್ಳಿ ಕಾಲು. ಮೇಲೆ ನೋಡಿದರೆ, ಗಣಪತಿಯ ಸ್ಕ್ರೂ ಒಂದರ ಮೊನೆ ಬ್ಯಾಗಿನ ಸ್ವಂತ ವೈರಿಗೆ ಸೀದಾ ಚುಚ್ಚಿ ನಿಂತಿತ್ತು.

ಬಿಡಿಸಿ ಹೇಳುವುದೇನೂ ಇರಲಿಲ್ಲ. ಸ್ಕ್ರೂ ಬ್ಯಾಗಿನ ವೈರು ಕೆಡಿಸಿದೆ. ಆ ವೈರು ಬ್ಯಾಗಿನ ಮೈಗೇ ಅಂಟಿ ಬರುವುದರಿಂದ ಅದನ್ನು ರಿಪೇರಿ ಮಾಡುವ ಹಾಗಿಲ್ಲ, ಬ್ಯಾಗ್ ಯುನಿಟ್ಟನ್ನೇ ಬದಲಿಸಬೇಕು. ಲೋಕೇಶಣ್ಣ ಡಮ್ಮಿ ಹಾಕಿ ನೋಡಿದ್ದಾನೆ, ದೀಪ ಆರಿದೆ, ದೋಷ ಎಲ್ಲಿದೆ ಅಂತ ಸರಿಯಾಗಿಯೇ ಕಂಡುಹಿಡಿದಿದ್ದಾನೆ. ಕಂಡುಹಿಡಿದು, ಡಮ್ಮಿಯನ್ನು ಅಲ್ಲೇ ಬಿಟ್ಟು, ಟೇಪು ಸುತ್ತಿ ಕಳಿಸಿದ್ದಾನೆ. ಅವತ್ತಿನಿಂದ ವಿಜಯಕ್ಕ ದಿನಾ ಭದ್ರಾವತಿಗೆ ಹೋಗಿ ಬಂದದ್ದು ಆ ಅಕ್ಕಿಕಾಳನ್ನು ನಂಬಿಕೊಂಡು.

ನಾನು ಅದನ್ನು ಮುಟ್ಟದೆ, ಎಲ್ಲವನ್ನೂ ಇದ್ದ ಹಾಗೇ ಮುಚ್ಚಿ, ಸೈಕಲ್ ತುಳಿದುಕೊಂಡು ಆಲ್ಕೊಳಕ್ಕೆ ಹೋದೆ. ಶೆಡ್ಡಿನಲ್ಲಿ ಜನ ಇದ್ದರು. ಇರಲಿ ಅಂತಲೇ ಕೇಳಿದೆ.

"ಪ್ರಭಾಕರಣ್ಣನ ಗಾಡೀಲಿ ಡಮ್ಮಿ ಬಿಟ್ಟಿದೀರಲ್ಲ."

"ಹೌದು. ಏನೀಗ?"

"ಜೇಬಲ್ಲಿರಬೇಕು ಅಂತ ನನಗೆ ಹೇಳಿದವರು ನೀವೇ."

"ನಿನಗೆ ಹೇಳಿದ್ದು. ನೀನು ಕಲಿಯೋನು." ಅವನು ಕೈ ಒರೆಸಿಕೊಂಡ. "ನಾನು ಅವರಿಗೂ ಹೇಳ್ದೆ. ಬ್ಯಾಗ್ ಹೋಗಿದೆ, ಹೊಸದು ತರಿಸಿ ಅಂದೆ. ಅದೆಲ್ಲ ಬೇಡ, ದೀಪ ಆರ್ಸಿ ಕೊಡು ಅಂದ್ರು. ಆರ್ಸಿ ಕೊಟ್ಟೆ. ಹೋಗಿ ಅವರನ್ನೇ ಕೇಳು ಪ್ರೊಫೆಸರ್."

"ಆ ಸೀಟಲ್ಲಿ ಕೂರೋದು ಅವರಲ್ಲ. ಅಕ್ಕ."

"ಅಯ್ಯೋ! ಈ ಊರಲ್ಲಿ ಬ್ಯಾಗೇ ಇಲ್ಲದ ಗಾಡೀಲಿ ಎಷ್ಟು ಜನ ಅಕ್ಕಂದಿರು ಕೂರಲ್ಲ? ಎಲ್ಲ ಸತ್ತೋದ್ರಾ?"

"ಅವರಿಗೆ ಬ್ಯಾಗಿಲ್ಲ ಅಂತ ಗೊತ್ತಿರುತ್ತೆ. ಇವರು ಇದೆ ಅಂದ್ಕೊಂಡಿದಾರೆ."

ಟೀ ಹೋಟೆಲಿನವನು ಕೂಡ ಕೈ ನಿಲ್ಲಿಸಿದ್ದ. ಲೋಕೇಶಣ್ಣನ ಬೈಗುಳ ಈಗ ತೆಲುಗಿಗೆ ಬರುತ್ತದೆ ಅಂದುಕೊಂಡೆ. ಬರಲಿಲ್ಲ. ಅವನು ಒಳಗೆ ಹೋಗಿ ಒಂದು ಹಳೆಯ ಪಾನ್ ಮಸಾಲೆ ಡಬ್ಬಿ ತಂದು ನನ್ನ ಕಿವಿಯ ಹತ್ತಿರ ಅಲ್ಲಾಡಿಸಿದ. ಒಳಗೆ ಒಂದಿಷ್ಟು ರೆಸಿಸ್ಟರುಗಳು ಗಿಲಿಗಿಲಿ ಅಂದವು.

"ತುಂಬ ತಂದಿದ್ದೆ. ಇಷ್ಟು ಉಳಿದಿದೆ. ಬಾಕಿ ಎಲ್ಲ ರೋಡಲ್ಲಿ ಓಡಾಡ್ತಿದೆ. ಒಬ್ಬನಾದ್ರೂ ವಾಪಸ್ ಬಂದು ಬೈದ್ನಾ? ಇಲ್ಲ. ಎಲ್ಲರೂ ಕೈ ಮುಗಿದು ಹೋದ್ರು. ಜನಕ್ಕೆ ಬೇಕಾಗಿರೋದು ದೀಪ ಆರೋದು, ತಂಬಿ."

ಬೆನ್ನು ತಿರುಗಿಸಿದ. ಆ ಬೆನ್ನಿಗೆ ಏನಾದರೂ ಎಸೆಯಬೇಕು ಅನ್ನಿಸಿತ್ತು. ಎಸೆಯಲಿಲ್ಲ.

ಪ್ರಭಾಕರಣ್ಣ ಅಂಗಳದಲ್ಲಿ ಕಾರು ತೊಳೆಯುತ್ತಿದ್ದರು. ವಿಜಯಕ್ಕ ಜಗುಲಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದರು. ನಾನು ಇಬ್ಬರ ಎದುರಿಗೇ ಹೇಳಿದೆ. ಪ್ರಭಾಕರಣ್ಣ ಪೈಪು ಕೆಳಗೆ ಹಾಕಿ ನನ್ನ ಮೇಲೆ ಬಂದರು.

"ಸ್ಪೀಕರ್ ಹಾಕು ಅಂದ್ರೆ ಡ್ಯಾಶ್ ಎಲ್ಲ ಯಾಕೋ ಕೆದಕ್ದೆ?"

"ರೀ" ಅಂದರು ವಿಜಯಕ್ಕ. ಸೊಪ್ಪು ಪಕ್ಕಕ್ಕಿಟ್ಟಿದ್ದರು. "ನಿಮಗೆ ಗೊತ್ತಿತ್ತಾ?"

"ಅದೇನಂದ್ರೆ ಮಾರಾಯ್ತಿ, ಬ್ಯಾಗು ಹೆಂಗಿದ್ರೂ ಕೆಟ್ಟೇ ಹೋಗಿತ್ತು. ದೀಪ ಉರಿದ್ರೂ ಕೆಟ್ಟಿರುತ್ತೆ, ಆರಿದ್ರೂ ಕೆಟ್ಟಿರುತ್ತೆ. ಸುಮ್ನೆ ಕಣ್ಣಿಗೆ ಯಾಕೆ ಕಿರಿಕಿರಿ ಅಂತ..."

"ಕಿರಿಕಿರಿ ನಿಮ್ಮ ಕಣ್ಣಿಗೆ. ಎದೆ ನಂದು."

ವಿಜಯಕ್ಕ ಎದ್ದು ನಲ್ಲಿ ನಿಲ್ಲಿಸಿದರು. ನನ್ನ ಕಡೆ ತಿರುಗಿ, "ಅದನ್ನ ತೆಗಿ" ಅಂದರು.

ಬ್ಯಾಟರಿ ಬಿಚ್ಚಿ, ಕಾದು, ಟೇಪು ಕಿತ್ತು, ಡಮ್ಮಿ ಹೊರಗೆ ಎಳೆದೆ. ಬ್ಯಾಟರಿ ಕೂಡಿಸಿ ಕೀ ತಿರುಗಿಸಿದಾಗ ಕೆಂಪು ಮನುಷ್ಯ ಬಲೂನಿನ ಜೊತೆ ಎದ್ದು ಕೂತ. ಆರಲಿಲ್ಲ.

"ಎಲ್ಲರೂ ದೀಪ ಆರಿಸ್ತಾರೆ, ನೀನು ಹಚ್ಚಿ ಹೋಗ್ತಿದೀಯ" ಅಂದರು ಪ್ರಭಾಕರಣ್ಣ.

"ಇರಲಿ. ಈಗಲಾದ್ರೂ ನಿಜ ಹೇಳ್ತಿದೆ" ಅಂದರು ವಿಜಯಕ್ಕ.

ಮಾರನೇ ದಿನದಿಂದ ಅವರು ಹಿಂದಿನ ಸೀಟಿನಲ್ಲಿ ಕೂರಲು ಶುರು ಮಾಡಿದರು. ಟಿಫಿನ್ ಕ್ಯಾರಿಯರು, ಉತ್ತರಪತ್ರಿಕೆಯ ಕಟ್ಟು ಎಲ್ಲ ಮುಂದಿನ ಸೀಟಿಗೆ. ಪ್ರಭಾಕರಣ್ಣ ಒಬ್ಬರೇ ಮುಂದೆ, ಹೆಂಡತಿ ಹಿಂದೆ ಕಿಟಕಿಯ ಪಕ್ಕ. ಬೀದಿಯವರು ಬಿಡುತ್ತಾರೆಯೇ? "ಏನ್ ಪ್ರಭಾಕರ, ಟೀಚರ್‌ಗೆ ಡ್ರೈವರ್ ಆಗಿ ಸೇರ್ಕೊಂಡ್ಯಾ? ಸಂಬಳ ಸರಿಯಾಗಿ ಕೊಡ್ತಾರಾ?" ಭದ್ರಾವತಿಯಲ್ಲಿ ಆಫೀಸಿನ ಗೇಟಿನವನೂ ಅದನ್ನೇ ಕೇಳಿದನಂತೆ. ಏರ್‌ಬ್ಯಾಗ್ ಬಗ್ಗೆ ನಾನು ಮಾಡಿದ ಭಾಷಣ ಮಾಡದ ಕೆಲಸವನ್ನು ಆ ಗೇಟಿನವನ ಮಾತು ಮಾಡಿತು. ಬೆಂಗಳೂರಿಗೆ ಹೇಳಿ ಹೊಸ ಯುನಿಟ್ ತರಿಸಿದರು.

ತರಿಸಿದ ಮೇಲೆ ಇನ್ನೊಂದು ಸಂಕಟ. ಹಾಕುವವರು ಯಾರು? ಒಂದು ಸಲ ನೋಡಿದ್ದರ ಮೇಲೆ ಮದ್ದು ತುಂಬಿದ ಡಬ್ಬಿಗೆ ಕೈ ಹಾಕುವ ಧೈರ್ಯ ನನಗಿರಲಿಲ್ಲ. ಆ ಕಂಪನಿಯ ಶೋರೂಮು ಊರಿನಲ್ಲಿರಲಿಲ್ಲ. ಉಳಿದವನು ಒಬ್ಬನೇ.

ವಿಜಯಕ್ಕ ಗಂಡನನ್ನು ಮನೆಯಲ್ಲಿ ಬಿಟ್ಟರು. ಪಕ್ಕದ ಬೀದಿಯ ಡ್ರೈವರ್ ಒಬ್ಬನನ್ನು ಕರೆದು, ನನ್ನನ್ನೂ ಕೂರಿಸಿಕೊಂಡು ಆಲ್ಕೊಳಕ್ಕೆ ಹೊರಟರು. ಲೋಕೇಶಣ್ಣ ಬೆಂಚಿನಲ್ಲಿ ಬೆನ್ನು ಮಾಡಿ ಕೂತಿದ್ದ. ವಿಜಯಕ್ಕ ಸುತ್ತು ಹಾಕಿಕೊಂಡು ಹೋಗಿ ಅವನ ಎದುರಿಗೆ ನಿಂತರು. ಹಾಗೆ ಯಾರೂ ನಿಂತಿರಲಿಲ್ಲ.

"ಟೀ ಆಮೇಲೆ ಕುಡೀರಿ. ಗಾಡಿ ಬಂದಿದೆ."

ಅವನು ನನ್ನನ್ನು ನೋಡಿದ. "ಇವನು ಇಲ್ಲಿದ್ರೆ ನಾನು ಮುಟ್ಟಲ್ಲ."

"ಇವನು ಇರ್ತಾನೆ. ನೀವು ಏನ್ ಮಾಡ್ತೀರಿ ಅಂತ ನನಗೆ ಅರ್ಥ ಆಗಲ್ಲ, ಇವನಿಗೆ ಆಗುತ್ತೆ. ಅದಕ್ಕೇ ಕರ್ಕೊಂಡ್ ಬಂದಿರೋದು."

"ನನ್ ಮೇಲೆ ಕಾವಲಾ ಟೀಚರ್?"

"ಹೌದು" ಅಂದರು ವಿಜಯಕ್ಕ.

ಅವನು ಕೆಲಸ ಮಾಡಿದ. ಕೆಟ್ಟದಾಗಿ ಮಾಡಲಿಲ್ಲ, ಅದೇ ನನ್ನ ಹೊಟ್ಟೆ ಉರಿ. ಗಣಪತಿಯನ್ನು ಕಿತ್ತು ವಿಜಯಕ್ಕನ ಕೈಗೆ ಕೊಟ್ಟ. ಬ್ಯಾಟರಿ ಬಿಚ್ಚಿ ಕಾದ. ಹಳೆಯ ಬ್ಯಾಗನ್ನು ಮುಚ್ಚಳ ಮೇಲೆ ಬರುವ ಹಾಗೆ ಎದೆಯಿಂದ ದೂರ ಹಿಡಿದು ಕೆಳಗಿಟ್ಟ. ಡಮ್ಮಿ ಹಾಕಿ ವೈರು ಪರೀಕ್ಷಿಸಿದ. ದೀಪ ಆರಿತು. ಮತ್ತೆ ಬ್ಯಾಟರಿ ಬಿಚ್ಚಿ ಡಮ್ಮಿ ಕಿತ್ತಾಗ ವಿಜಯಕ್ಕ ಅಂಗೈ ಚಾಚಿದರು.

"ಅದನ್ನ ನನ್ ಕೈಗೆ ಕೊಡಿ."

ಕೊಟ್ಟ. ಹೊಸ ಯುನಿಟ್ ಕೂರಿಸಿ, ಪ್ಲಗ್ ಸಿಕ್ಕಿಸಿ, ಅದರ ಬೀಗದ ತುಂಡು ಒತ್ತಿದ. ಟಕ್ ಅಂದದ್ದು ನನಗೂ ಕೇಳಿಸಿತು. ಕೀ ತಿರುಗಿಸಿದಾಗ ಕೆಂಪು ದೀಪ ಹತ್ತಿ, ಸ್ವಲ್ಪ ಯೋಚಿಸಿ, ಆರಿತು. ವಿಜಯಕ್ಕ ನನ್ನ ಕಡೆ ನೋಡಿದರು. ನಾನು ತಲೆ ಆಡಿಸಿದೆ.

ಹೊರಡುವ ಮೊದಲು ಅವರು ಅಂಗೈಯಲ್ಲಿದ್ದ ಅಕ್ಕಿಕಾಳನ್ನು ನೋಡಿಕೊಂಡು ಕೇಳಿದರು. "ಇನ್ನೂ ಯಾರ್ಯಾರ ಗಾಡೀಲಿ ಇದನ್ನ ಬಿಟ್ಟಿದೀರಿ?"

ಲೋಕೇಶಣ್ಣ ಬೈಯಲಿಲ್ಲ. ಯಾವ ಭಾಷೆಯೂ ಬರಲಿಲ್ಲ. ನಿಜವಾಗಿ ಲೆಕ್ಕ ಹಾಕುವವನ ಹಾಗೆ ಒಂದು ಸಲ ರಸ್ತೆಯ ಕಡೆ ನೋಡಿದ. ಕಾರುಗಳು ಹೋಗುತ್ತಿದ್ದವು.

"ಯಾರಿಗೆ ನೆನಪಿರುತ್ತೆ ಟೀಚರ್" ಅಂದ.

ನಾನು ಅವನನ್ನು ನೋಡಿದ್ದು ಅದೇ ಕೊನೆ. ಆಮೇಲೆ ಆ ಕಡೆ ಹೋಗಲಿಲ್ಲ. ಒಂದೆರಡು ವರ್ಷಕ್ಕೆ ರಸ್ತೆ ಅಗಲ ಮಾಡುವಾಗ ಆ ಸಾಲೇ ಹೋಯಿತು. ಲೋಕೇಶಣ್ಣ ಹೊಸಪೇಟೆ ಕಡೆ ಲಾರಿಗಳ ಕೆಲಸಕ್ಕೆ ಹೋದ ಅಂತ, ಪೇಟೆಯಲ್ಲಿ ಎದುರಾದ ಟೀ ಹೋಟೆಲಿನವನು ಹೇಳಿದ. ಇಲ್ಲ, ಲಿವರ್ ಕೆಟ್ಟು ಭದ್ರಾವತಿಯ ಮನೆಯಲ್ಲೇ ತೀರಿಕೊಂಡ ಅಂತ ಪಂಕ್ಚರ್ ಅಂಗಡಿಯವನು ಹೇಳಿದ. ಯಾವುದು ನಿಜ ಅಂತ ನಾನು ವಿಚಾರಿಸಲಿಲ್ಲ. ಸತ್ತಿದ್ದರೂ ನನಗೆ ಅವನ ಮೇಲಿನ ಸಿಟ್ಟು ಇಳಿದಿಲ್ಲ. ಗುರು ಅನ್ನಲು ನಾಲಿಗೆ ಏಳುವುದಿಲ್ಲ. ಆದರೆ ಏರ್‌ಬ್ಯಾಗ್ ಗಾಡಿ ಬಂದಾಗಲೆಲ್ಲ ಬ್ಯಾಟರಿ ಬಿಚ್ಚಿ ಹೋಗಿ ಟೀ ಕುಡಿಯುತ್ತೇನೆ.

ಒಂದು ಮಾತ್ರ ನನ್ನನ್ನು ಬಿಡುವುದಿಲ್ಲ. ಅವನು ದೀಪ ನಂದಿಸಿ ಕಳಿಸಿದ ಗಾಡಿಗಳೆಲ್ಲ ಎಲ್ಲಿವೆ? ಮೊದಲನೆಯವರು ಮಾರಿರುತ್ತಾರೆ, ಕೊಂಡವರು ಇನ್ನೊಬ್ಬರಿಗೆ ಮಾರಿರುತ್ತಾರೆ. ಆರಿದ ದೀಪ ನೋಡಿ ಎಲ್ಲ ಸರಿಯಿದೆ ಅಂದುಕೊಂಡಿರುತ್ತಾರೆ. ಹೇಳಬಲ್ಲವನು ಒಬ್ಬನಿದ್ದ, ಅವನಿಗೂ ನೆನಪಿರಲಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ನಿಮ್ಮಲ್ಲಿ ಯಾರಾದರೂ ಆ ಕಾಲದ ಗಾಡಿಯನ್ನು ಶಿವಮೊಗ್ಗ, ಭದ್ರಾವತಿ ಕಡೆ ಕೊಂಡಿದ್ದರೆ, ನೀವೇ ಕೈ ಹಾಕಬೇಡಿ, ಗೊತ್ತಿರುವವರ ಹತ್ತಿರ ಗ್ಲೋವ್ ಬಾಕ್ಸಿನ ಹಿಂದೆ ಒಮ್ಮೆ ನೋಡಿಸಿ. ಹಳದಿ ಪ್ಲಗ್ಗಿನ ಬಾಯಿಯಲ್ಲಿ ಏನು ಸಿಕ್ಕಿತು, ಗಾಡಿ ಮಾರುವಾಗ ಅದರ ವಿಷಯ ನಿಮಗೆ ಯಾರಾದರೂ ಹೇಳಿದ್ದರಾ, ಇಲ್ಲವಾ, ನನಗೆ ಬರೆದು ತಿಳಿಸಿ. ಆ ಸೀಟಿನಲ್ಲಿ ದಿನಾ ಯಾರು ಕೂರುತ್ತಾರೆ ಅನ್ನುವುದನ್ನೂ ಬರೆಯಿರಿ.